ಅಂಗಳದ ಚುಕ್ಕಿಗಳು

ಕಳಸದಿಂದ ಕುದುರೆಮುಖದ ಕಡೆಗೆ ಹೋಗುವ ಹಾದಿಯಲ್ಲಿ ಸಂಸೆಯೆಂಬ ಗ್ರಾಮವುಂಟು. ಮಳೆಗಾಲದಲ್ಲಿ ಈ ಸೀಮೆಯ ಅಂಗಳಗಳಲ್ಲಿ ಹಿಟ್ಟಿನ ಗೆರೆಯು ಒಂದು ಗಳಿಗೆಯೂ ನಿಲ್ಲಲಾರದು. ರಂಗವಲ್ಲಿಯು ಆಗ ಜಗಲಿಗೂ ಹೊಸಿಲಿಗೂ ಸರಿಯುವುದು. ಮಳೆ ಹಿಂದೆಗೆದ ಮೇಲೆ ಕಣವನ್ನೆಲ್ಲ ಕಾಫಿಯ ಹಣ್ಣು ಆಕ್ರಮಿಸುವುದರಿಂದ, ಬಾಗಿಲಿನೆದುರಿನ ಮಾರುದ್ದದ ನೆಲವಷ್ಟೆ ಅದಕ್ಕೆ ದೊರೆಯುವುದು. ಆದರೂ ದಾರಿಹೋಕರೆಲ್ಲರೂ ಕಾಸು ಕೊಡದೆ ನೋಡಬಹುದಾದ ಚಿತ್ರಶಾಲೆಯು ನಮ್ಮ ಹಳ್ಳಿಗಳಲ್ಲಿ ಇದಲ್ಲದೆ ಮತ್ತಾವುದು?

ಇದರಲ್ಲಿ ವಾಚಕರು ಮುಖ್ಯವಾಗಿ ಗಮನಿಸತಕ್ಕುದು ಚುಕ್ಕಿಯನ್ನು. 5 ಚುಕ್ಕಿಗಳ 5 ಸಾಲುಗಳನ್ನು ನೇರವಾಗಿ ಇಟ್ಟರೆ, ಗೆರೆಯೆಳೆಯುವ ಮೊದಲೇ ಚೌಕವು ಕಾಣುತ್ತದೆ. ನಡುವೆ 7 ಚುಕ್ಕಿಯಿಟ್ಟು, ಮೇಲೂ ಕೆಳಗೂ ಸಂದುಗಳಲ್ಲಿ ಸಾಲಿಗೊಂದನ್ನು ಕಡಮೆ ಮಾಡುತ್ತ 4ಕ್ಕೆ ತಂದರೆ, ಒಟ್ಟು 37 ಚುಕ್ಕಿಗಳಾಗಿ ಆರು ಮೂಲೆಯ ಆಕೃತಿಯು ತಾನಾಗಿ ಮೂಡುತ್ತದೆ. ನೆಲದ ಮೇಲಿರುವುದು ಬರಿಯ ಹಿಟ್ಟಿನ ಚಿಟಿಕೆ. ಆಕೃತಿಯನ್ನು ಕೂಡಿಸುವುದು ನೋಡುವವರ ಮನಸ್ಸು. ಪಾಶ್ಚಾತ್ಯ ಪಂಡಿತರೂ ಈ ವಿಷಯವನ್ನು ವಿಚಾರಿಸಿದ್ದಾರೆ. ಹತ್ತಿರಹತ್ತಿರದ ಚುಕ್ಕಿಗಳನ್ನು ಮನಸ್ಸು ಒಂದೇ ಗುಂಪೆಂದು ಗ್ರಹಿಸುವುದಾಗಿ ಮಾಕ್ಸ್ ವರ್ಟ್‌ಹೈಮರ್ ಎಂಬ ಮನಶ್ಶಾಸ್ತ್ರಜ್ಞರು 1923ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದರು. ಇಟಲಿಯ ಗಯೆಟಾನೊ ಕಾನೀಝರು 1955ರಲ್ಲಿ, ಒಂದೊಂದು ಹೋಳು ಕತ್ತರಿಸಿದ ಮೂರು ಕಪ್ಪು ಬಿಲ್ಲೆಗಳ ನಡುವೆ, ಯಾರೂ ಬರೆಯದ ಬಿಳಿಯ ತ್ರಿಕೋಣವೊಂದನ್ನು ಕಾಣಿಸಿದರು.

1968ರಲ್ಲಿ ಅಮೆರಿಕದ ಸಾಲ್ ಲೆವಿಟ್ ಎಂಬ ಕಲಾವಿದರು ನ್ಯೂಯಾರ್ಕಿನ ಚಿತ್ರಶಾಲೆಯೊಂದರ ಗೋಡೆಯ ಮೇಲೆಯೇ ಪೆನ್ಸಿಲಿನಿಂದ ನೇರಗೆರೆಗಳನ್ನೆಳೆದರು. ಪ್ರದರ್ಶನವು ಮುಗಿದ ಮೇಲೆ ಅದನ್ನು ಬಣ್ಣ ಬಳಿದು ಮುಚ್ಚಲಾಯಿತು. ಮುಂದೆ ಅವರ ಲಿಖಿತ ಸೂಚನೆಗಳಂತೆ ಬೇರೆಯವರು ಗೋಡೆಗಳಲ್ಲಿ ಬರೆಯುವ ಪದ್ಧತಿಯು ಬೆಳೆಯಿತು. ‘ಏಳರಿಂದ ನಾಲ್ಕು, ಸಂದುಚುಕ್ಕಿ’ ಎಂದು ಅತ್ತೆಯು ಸೊಸೆಗೆ ಹೇಳುವ ಮಾತೂ ಅಂತಹ ಸೂಚನೆಯೇ ಅಲ್ಲವೆ? (ಅವರ ಚಿತ್ರಕ್ಕೆ ಬಣ್ಣ ಬಳಿಯುವ ತೊಂದರೆಯಿಲ್ಲ, ಮಧ್ಯಾಹ್ನದೊಳಗೆ ಕೋಳಿಗಳೇ ಆ ಕೆಲಸವನ್ನು ಪೂರೈಸುವುವು.)

ಈಚೆಗೆ ಅಂಗಡಿಯಿಂದ ತಂದು ಹೊಸಿಲಿಗೆ ಅಂಟಿಸುವ ಅಚ್ಚಿನ ರಂಗವಲ್ಲಿಯು ಬಳಕೆಗೆ ಬಂದಿದೆ. ಅದು ಮಳೆಗೆ ಬೇಗನೆ ಅಳಿಯದು. ಹಣ್ಣು ಕೊಯ್ಯಲು ಬೆಳಗಾಗುತ್ತಲೆ ತೋಟಕ್ಕೆ ನಡೆಯಬೇಕಾದ ಗೃಹಿಣಿಯನ್ನು ಇದಕ್ಕಾಗಿ ನಾವು ದೂರಲಾರೆವು. ಆದರೆ ಅಚ್ಚಿನ ಹೂವು ಮೊದಲೇ ಮುಗಿದು ಬಂದಿರುವುದು; ಗೆರೆಯು ಎಲ್ಲಿಂದ ಹೊರಟು ಯಾವ ಚುಕ್ಕಿಯನ್ನು ಬಳಸಿತೆಂಬುದನ್ನು ತಿಳಿಯುವ ದಾರಿಯು ಮನೆಯ ಮಕ್ಕಳಿಗೆ ಮುಚ್ಚಿಹೋಗುತ್ತದೆ. ಈ ನಷ್ಟವು ಅಲ್ಪವಾದುದೆಂದು ನಮಗೆ ತೋರುವುದಿಲ್ಲ. ಶುಕ್ರವಾರಕ್ಕೊಮ್ಮೆಯಾದರೂ ಅವರ ಕೈಗೆ ಹಿಟ್ಟು ಕೊಟ್ಟು, 37 ಚುಕ್ಕಿಗಳನ್ನಿಡಿಸಿ, ಗೆರೆಯೆಳೆಯುವ ಮುನ್ನ ಸ್ವಲ್ಪ ತಡೆದು, ಏನು ಕಾಣುವುದೆಂದು ಕೇಳಬೇಕು. ಒಬ್ಬಳು ಹೂವೆಂದಾಳು, ಇನ್ನೊಬ್ಬಳು ಜೇನುಗೂಡೆಂದಾಳು. ಗಂಡುಹುಡುಗರನ್ನೂ ಕೂರಿಸಿಕೊಳ್ಳಲು ಅಡ್ಡಿಯೇನೂ ಇಲ್ಲ.