ಕಡ್ಲಿ ಪಲ್ಯ ತೊಳೆಯಬಾರದೇಕೆ?

"ಕಡ್ಲಿ ಪಲ್ಯ ತೊಳಿಬ್ಯಾಡ, ಹುಳಿ ಹೋಗ್ತದ ಅಂತಾರ ನಮ್ಮತ್ತಿ. ಖರೇನಾ?" ಕಡಲೆ ಗಿಡದ ಎಳೆ ಕುಡಿಯ ಸೊಪ್ಪಿನ ಬಗ್ಗೆ ಭಾತಂಬ್ರಾದ ಓದುಗರೊಬ್ಬರು ಕೇಳಿದ ಪ್ರಶ್ನೆ ಇದು. ಖರೆ. ನಿಮ್ಮತ್ತೆ ಹೇಳಿದ್ದರಲ್ಲಿ ಅಪ್ಪಟ ರಸಾಯನಶಾಸ್ತ್ರ ಇದೆ.

ಹಿಂಗಾರಿಯ ಕಡಲೆ ಹೊಲಕ್ಕೆ ಬಿಸಿಲೇರುವ ಮೊದಲೇ ಹೋಗಿ, ಒಂದು ಕುಡಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಎಲೆ, ದೇಟು, ಕಾಯಿಯ ಸಿಪ್ಪೆ, ಎಲ್ಲದರ ಮೇಲೂ ನವಿರು ಕೂದಲು. ಆ ಕೂದಲುಗಳ ತುದಿಯಲ್ಲಿ ಸಾಸಿವೆಗಿಂತ ಎಷ್ಟೋ ಸಣ್ಣ ಹನಿ. ಅದರಲ್ಲಿ ಇಬ್ಬನಿಯೂ ಬೆರೆತಿರಬಹುದು, ಆದರೆ ಮೂಲದ ರಸ ಗಿಡವೇ ಒಸರಿದ್ದು. ಕುಡಿ ಚಿವುಟಿದ ಬೆರಳು ನೆಕ್ಕಿದರೆ ನಾಲಿಗೆ ಚುರ್ ಎನ್ನುತ್ತದೆ. ಬೆರಳಲ್ಲಿ ಬಿರುಕಿದ್ದರೆ ಉರಿಯುತ್ತದೆ. ಉರಿಯದೇ ಇನ್ನೇನು? ಆ ಹನಿಯ ಪಿಎಚ್ ಸುಮಾರು 1ರ ಆಸುಪಾಸು. ನಮ್ಮ ಜಠರರಸಕ್ಕೆ ಸರಿಸಾಟಿ.

ಅದರಲ್ಲಿರುವ ಮುಖ್ಯ ಹುಳಿಗಳು ಎರಡು. ಒಂದು ಮ್ಯಾಲಿಕ್ ಆಮ್ಲ. 1785ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಸೇಬಿನ ರಸದಿಂದ ಬೇರ್ಪಡಿಸಿದ್ದು ಇದನ್ನೇ. ಇನ್ನೊಂದು ಆಕ್ಸಾಲಿಕ್ ಆಮ್ಲ. ನಮ್ಮ ರೈತರಿಗೆ ಶೀಲೆಯ ಹೆಸರು ಗೊತ್ತಿರಲಿಲ್ಲ, ಹುಳಿ ಗೊತ್ತಿತ್ತು. ಕಡಲೆ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಗಿನ ಜಾವ ಹಿಂಡಿ, ಆ ರಸವನ್ನು ಹೊಟ್ಟೆನೋವಿಗೆಂದು ತೆಗೆದಿಡುತ್ತಿದ್ದರು. ಆಯುರ್ವೇದದಲ್ಲಿ ಇದಕ್ಕೆ ಚಣಕಾಮ್ಲ ಎಂದು ಹೆಸರು.

ಗಿಡಕ್ಕೆ ಈ ಹುಳಿ ಯಾಕೆ ಬೇಕು? ಉತ್ತರ ಸಿಕ್ಕಿದ್ದು ನಮ್ಮ ಪಕ್ಕದಲ್ಲೇ, ಹೈದರಾಬಾದ್ ಹಾದಿಯಲ್ಲಿರುವ ಪಟಾಂಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ. ಕಾಯಿಕೊರಕ ಕೀಡಿಯನ್ನು ತಡೆಯುವುದು ಮ್ಯಾಲಿಕ್ ಆಮ್ಲವೇ ಇರಬೇಕೆಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. ಅಲ್ಲಿ ಯೋಶಿದಾ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಎರಡೂ ಆಮ್ಲಗಳನ್ನು ಕೀಡಿಯ ಆಹಾರದಲ್ಲಿ ಬೆರೆಸಿ ನೋಡಿದರು. ಮ್ಯಾಲಿಕ್ ತಿಂದ ಕೀಡಿಗೆ ಏನೂ ಆಗಲಿಲ್ಲ. ಆಕ್ಸಾಲಿಕ್ ತಿಂದದ್ದು ಬೆಳೆಯದೆ ಕುಗ್ಗಿತು. 1995ರಲ್ಲಿ ಪ್ರಕಟವಾದ ಈ ಪ್ರಯೋಗ ನನಗೆ ಬಹಳ ಇಷ್ಟ. ಸರಿಯಾದ ಪ್ರಶ್ನೆಯೊಂದರಿಂದಲೇ ಹಳೆಯ ನಂಬಿಕೆ ತಿದ್ದಿದ ಕೆಲಸ ಅದು.

ಇನ್ನು ಕುಡಿ ಚಿವುಟುವ ವಿಷಯ. ಪಲ್ಯಕ್ಕೆಂದು ಚಿವುಟಿದರೆ ಬೆಳೆ ಹಾಳಲ್ಲವೇ ಎಂದು ಪೇಟೆಯವರು ಕೇಳುತ್ತಾರೆ. ಹೂವಾಡುವ ಮೊದಲಾದರೆ ಲಾಭವೇ. ತುದಿಯ ಕುಡಿಯಿಂದ ಇಳಿದುಬರುವ ಆಕ್ಸಿನ್ ಎಂಬ ಚೋದಕ ಪಕ್ಕದ ಮೊಗ್ಗುಗಳನ್ನು ಅದುಮಿಟ್ಟಿರುತ್ತದೆ. 1933ರಲ್ಲಿ ಥಿಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಇದನ್ನು ತೋರಿಸಿದ್ದು ಕಡಲೆಯದೇ ಬಳಗದ ಒಂದು ಅವರೆ ಜಾತಿಯ ಗಿಡದಲ್ಲಿ. ತುದಿ ಹೋದರೆ ಪಕ್ಕದ ಟೊಂಗೆಗಳು ಒಡೆಯುತ್ತವೆ, ಗಿಡ ಗುಬ್ಬಾಗುತ್ತದೆ. ಹೂ ಬಂದ ಮೇಲೆ ಮಾತ್ರ ಕೈಹಾಕಬೇಡಿ.

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಕುಡಿಯ ಕಾಲ ಮುಗಿದು ಹಸಿ ಕಾಳಿನ ಕಾಲ ಬಂದಿರುತ್ತದೆ. ಕಡಲೆ, ತೊಗರಿ, ಶೇಂಗಾ, ಮೆಂತ್ಯ, ಬದನೆ, ಗಜ್ಜರಿ ಎಲ್ಲ ಕೂಡಿದ ನಮ್ಮ ಭಜ್ಜಿಗೆ ಮಜ್ಜಿಗೆ ಬೀಳುವುದು ರುಚಿಗೆ. ಸೊಪ್ಪಿನ ಅಡಿಗೆಗೆ ಅದರಿಂದ ಇನ್ನೊಂದು ಉಪಕಾರವೂ ಇದೆ: ಮಜ್ಜಿಗೆಯ ಕ್ಯಾಲ್ಸಿಯಂ ಕರುಳಿನಲ್ಲಿ ಆಕ್ಸಾಲಿಕ್ ಆಮ್ಲವನ್ನು ಹಿಡಿದುಕೊಳ್ಳುತ್ತದೆ. ಮೂತ್ರಪಿಂಡದಲ್ಲಿ ಕಲ್ಲಾದವರು ಕಡ್ಲಿ ಪಲ್ಯವನ್ನು ಹಿತಮಿತವಾಗಿ, ಮಜ್ಜಿಗೆಯೊಂದಿಗೆ ತಿನ್ನುವುದು ಲೇಸು. ಯಾವ ಸೊಪ್ಪನ್ನೂ ಸರ್ವರೋಗಕ್ಕೆ ಮದ್ದು ಎಂದು ಮಾರುವವರನ್ನು ನಾನು ನಂಬುವುದಿಲ್ಲ.

ಅತ್ತೆಯ ಮಾತಿಗೆ ನನ್ನದೊಂದು ತಿದ್ದುಪಡಿ. ಈ ಆಮ್ಲಗಳು ನೀರಿನಲ್ಲಿ ಸಲೀಸಾಗಿ ಕರಗುತ್ತವೆ. ಜೋರು ಮಳೆ ಬಂದರೂ ಹುಳಿ ತೊಳೆದುಹೋಗುತ್ತದೆ. ಅದಕ್ಕೇ ಸೊಪ್ಪನ್ನು ಮರದಲ್ಲಿ ಕೇರಿ ಮಣ್ಣು ತೆಗೆಯುತ್ತಿದ್ದರು. ಆದರೆ ಆಗ ಹೊಲಕ್ಕೆ ಔಷಧ ಹೊಡೆಯುತ್ತಿರಲಿಲ್ಲ. ಈಗ ಹೊಡೆದ ಹೊಲದ ಕುಡಿಯನ್ನು ತರಲೇಬೇಡಿ. ಎಲ್ಲಿಯದೆಂದು ತಿಳಿಯದ ಸಂತೆಯ ಸೊಪ್ಪಾದರೆ ಹುಳಿ ಹೋದರೂ ಚಿಂತೆಯಿಲ್ಲ, ತೊಳೆಯಿರಿ. ನಿಮ್ಮದೇ ಹೊಲದ್ದಾದರೆ ತೊಳೆಯದೆ ಒಣಗಿಸಿಡಿ. ಎರಡೂ ಆಮ್ಲಗಳು ಆವಿಯಾಗಿ ಹಾರುವಂಥವಲ್ಲ, ಒಣ ಎಲೆಗೆ ಅಂಟಿಕೊಂಡೇ ಇರುತ್ತವೆ. ಮೇ ತಿಂಗಳಲ್ಲಿ ಒಂದು ಹಿಡಿ ಒಣ ಪಲ್ಯವನ್ನು ಕುದಿಯುವ ಬ್ಯಾಳಿಗೆ ಹಾಕಿದರೆ ಅದೇ ಹುಳಿ ಮತ್ತೆ ಬಿಡುತ್ತದೆ.