ಪುಣೆಯ ‘ತೂಪ್’, ಕನ್ನಡದ ‘ತುಪ್ಪ’: ಶಬ್ದಮೂಲ ಶೋಧನೆಯ ಕೆಲವು ವಿಚಾರಗಳು

ಪುಣೆಯಲ್ಲಿ ನೆಲೆಸಿದ ಕನ್ನಡಿಗನಿಗೆ ಊಟದ ಎಲೆಯ ಮುಂದೆಯೇ ಶಬ್ದಶೋಧನೆಯ ಮೊದಲ ಪಾಠ ದೊರೆಯುತ್ತದೆ. ಬಿಸಿ ಅನ್ನದ ಮೇಲೆ ಬಡಿಸುವ ಮರಾಠಿಯ ‘ತೂಪ್’ ನಮ್ಮ ‘ತುಪ್ಪ’ವೇ ಎಂದು ಮನಸ್ಸಿಗೆ ಥಟ್ಟನೆ ಹೊಳೆಯುತ್ತದೆ. ಆದರೆ ಹೊಳೆದುದೆಲ್ಲ ಪ್ರಮಾಣವಾಗದು. ಶಂ. ಬಾ. ಜೋಶಿಯವರು ‘ಕಣ್ಮರೆಯಾದ ಕನ್ನಡ’ದಲ್ಲಿ ಮಹಾರಾಷ್ಟ್ರದ ನೆಲದ ಕನ್ನಡ ಕುರುಹುಗಳನ್ನು ಅರಸಿದ ಮೇಲೆ ಇಂಥ ಹೋಲಿಕೆಗಳಲ್ಲಿ ನಮ್ಮ ಆಸಕ್ತಿ ಬೆಳೆದಿದೆ. ಆಸಕ್ತಿಯೊಡನೆ ಅಭಿಮಾನವೂ ಬೆರೆಯುವುದರಿಂದ ಇಲ್ಲಿ ವಿಧಾನದ ಶಿಸ್ತು ಅತ್ಯವಶ್ಯ.

ಮೊದಲನೆಯದಾಗಿ, ಹೋಲಿಸಬೇಕಾದುದು ಇಂದಿನ ರೂಪಗಳನ್ನಲ್ಲ, ದೊರೆಯುವ ಅತಿ ಪ್ರಾಚೀನ ರೂಪಗಳನ್ನು. ಕನ್ನಡದ ‘ಒಂದು’ ಇಂಗ್ಲಿಷಿನ ‘ವನ್’ಗೆ ಸಮೀಪವೆಂದು ತೋರಬಹುದು. ಆದರೆ ಇಂಗ್ಲಿಷ್ ಶಬ್ದದ ಹಳೆಯ ರೂಪ ‘ಆನ್’. ಕನ್ನಡದ ಮೂಲವು ‘ಒರ್ವ’, ‘ಓರ್ವ’ಗಳಲ್ಲಿ ಕಾಣುವ ‘ಒರ್’. ಹಿಂದೆ ಹೋದಷ್ಟೂ ಎರಡೂ ದೂರ ಸರಿಯುತ್ತವೆ. ಇದಕ್ಕೆ ಪ್ರತಿಯಾಗಿ, ನಮ್ಮ ‘ಹಾಲು’ ಹಳಗನ್ನಡದ ‘ಪಾಲ್’ಗೆ ಹಿಂದಿರುಗಿದೊಡನೆ ತಮಿಳಿನ ‘ಪಾಲ್’, ತೆಲುಗಿನ ‘ಪಾಲು’ಗಳ ಜೊತೆ ಸೇರಿಕೊಳ್ಳುತ್ತದೆ.

ಎರಡನೆಯದಾಗಿ, ಧ್ವನಿವ್ಯತ್ಯಾಸವು ಒಂದೇ ಶಬ್ದಕ್ಕೆ ಸೀಮಿತವಾಗಿರದೆ ನಿಯಮಬದ್ಧವಾಗಿರಬೇಕು. ಸಂಸ್ಕೃತದ ‘ಸಪ್ತ’ ಪ್ರಾಕೃತದಲ್ಲಿ ‘ಸತ್ತ’, ಮರಾಠಿಯಲ್ಲಿ ‘ಸಾತ್’. ‘ಹಸ್ತ’ವು ‘ಹತ್ಥ’ವಾಗಿ ‘ಹಾತ್’. ‘ದುಗ್ಧ’ವು ‘ದುದ್ಧ’ವಾಗಿ ‘ದೂಧ್’. ದ್ವಿತ್ವ ಸಡಿಲಿ ಹಿಂದಿನ ಸ್ವರ ದೀರ್ಘವಾಗುವುದು ಇಲ್ಲಿಯ ನಿಯಮ. ‘ತುಪ್ಪ’ವು ‘ತೂಪ್’ ಆದುದೂ ಇದೇ ಜಾಡಿನಲ್ಲಿ. ಅಂದರೆ ಆ ಬದಲಾವಣೆ ನಡೆಯುವ ಮುನ್ನವೇ ಶಬ್ದವು ಪ್ರಾಕೃತದಲ್ಲಿ ಬೇರೂರಿತ್ತು ಎಂದು ಊಹಿಸಲು ಅವಕಾಶವಿದೆ. ಹಾಲನ ‘ಗಾಥಾಸಪ್ತಶತಿ’ಯಲ್ಲಿ ಆ ಶಬ್ದ ಕಾಣಿಸಿಕೊಳ್ಳುವುದು ಈ ಊಹೆಗೆ ಬಲ ನೀಡುತ್ತದೆ. ಮರಾಠಿಯ ‘ಅಕ್ಕಾ’, ‘ಅಣ್ಣಾ’ಗಳಾದರೋ ದ್ವಿತ್ವವನ್ನು ಉಳಿಸಿಕೊಂಡಿವೆ. ಅವು ನಿಯಮದ ಕಾಲ ಮುಗಿದ ಮೇಲೆ ಬಂದಿರಬಹುದು; ಸಂಬಂಧವಾಚಕಗಳು ಕರೆಯುವ ರೂಪದಲ್ಲಿ ಬದಲಾವಣೆಯನ್ನು ತಡೆಯುವುದೂ ಉಂಟು.

ಮೂರನೆಯದು ದಿಕ್ಕಿನ ಪ್ರಶ್ನೆ: ಕೊಟ್ಟವರು ಯಾರು, ಪಡೆದವರು ಯಾರು? ಧ್ವನಿನಿಯಮವು ಶಬ್ದದ ಕಾಲವನ್ನು ಸೂಚಿಸುತ್ತದೆ, ಒಡೆತನವನ್ನಲ್ಲ. ಒಡೆತನಕ್ಕೆ ಶಬ್ದದ ಕುಟುಂಬವನ್ನು ಅರಸಬೇಕು. ದ್ರಾವಿಡದಲ್ಲಿ ವ್ಯಾಪಕವಾದ ಶಬ್ದ ‘ನೆಯ್’. ಎಳ್+ನೆಯ್ ‘ಎಣ್ಣೆ’ಯಾಗಿ, ವೆಳ್+ನೆಯ್ ‘ಬೆಣ್ಣೆ’ಯಾಗಿ ಅದು ಇಂದಿಗೂ ಕನ್ನಡದಲ್ಲಿ ಅಡಗಿದೆ. ‘ತುಪ್ಪ’ಕ್ಕೆ ಅಷ್ಟು ವಿಸ್ತಾರವಾದ ಬಳಗವಿಲ್ಲ. ಅದು ಕನ್ನಡದಿಂದ ಪ್ರಾಕೃತಕ್ಕೆ ಹೋಯಿತೆಂಬ ಅಭಿಪ್ರಾಯ ಪ್ರಬಲವಾದುದೇ. ಆದರೂ ‘ನೆಯ್’ನ ಬಗೆಗೆ ನುಡಿಯುವಷ್ಟು ನಿಸ್ಸಂಶಯವಾಗಿ ‘ತುಪ್ಪ’ದ ಬಗೆಗೆ ನುಡಿಯಲಾಗದು.

ಈ ಶೋಧನೆಗೆ ಬೇಕಾದ ಸಲಕರಣೆಗಳು ನಮ್ಮ ಕೈಯಲ್ಲಿವೆ. ಕಿಟ್ಟೆಲ್ಲರ ನಿಘಂಟು (1894), ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ಕೋಶ (1961, ಪರಿಷ್ಕೃತ ಆವೃತ್ತಿ 1984), 1995ರಲ್ಲಿ ಪೂರ್ಣಗೊಂಡ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, ಇವನ್ನು ಒಟ್ಟಿಗೆ ತೆರೆದಿಡಬೇಕು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ 1948ರಲ್ಲಿ ಕೈಗೊಂಡ ಐತಿಹಾಸಿಕ ಸಂಸ್ಕೃತ ಕೋಶದ ಕಾರ್ಯವು ಕಲಿಸುವುದೂ ಇದನ್ನೇ: ಶಬ್ದವು ಎಲ್ಲಿ, ಯಾವಾಗ, ಯಾವ ಅರ್ಥದಲ್ಲಿ ಪ್ರಯೋಗವಾಯಿತೆಂಬುದಕ್ಕೆ ಆಧಾರ ಬೇಕು.

ಎರಡು ಭಾಷೆಗಳ ಗಡಿಯಲ್ಲಿ ಬಾಳುವವರು ಶಬ್ದಗಳನ್ನು ಆಸ್ತಿಪತ್ರಗಳಂತೆ ಮುಂದಿಟ್ಟು ವಾದಿಸುವುದುಂಟು. ಆದರೆ ‘ತುಪ್ಪ’ದ ಚರಿತ್ರೆ ತೋರುವುದು ಎರಡು ಜನಸಮುದಾಯಗಳ ದೀರ್ಘಕಾಲದ ಸಹಪಂಕ್ತಿಯನ್ನು. ಅದನ್ನು ಪ್ರಾಮಾಣಿಕವಾಗಿ ಓದುವುದೇ ಕನ್ನಡಕ್ಕೆ ಸಲ್ಲಿಸುವ ನಿಜವಾದ ಸೇವೆ.