ಕಾಡಿನಲ್ಲಿ ಮುರುಗಲು ಮರವನ್ನು ಗುರುತಿಸುವುದು ಹೇಗೆ?

ಬೇಸಿಗೆಯ ದಾಹ ತಣಿಸುವ ಕೋಕಂ ಶರಬತ್ತು ನಗರವಾಸಿಗಳಿಗೆ ಚಿರಪರಿಚಿತ. ಆದರೆ ಅದರ ಮೂಲವಾದ ಮರವನ್ನು ಕಂಡವರು ವಿರಳ. ಉತ್ತರ ಕನ್ನಡದಲ್ಲಿ ಮುರುಗಲು, ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ ಎಂದು ಕರೆಯಲಾಗುವ ಈ ಮರದ ಸಸ್ಯಶಾಸ್ತ್ರೀಯ ಹೆಸರು ಗಾರ್ಸಿನಿಯಾ ಇಂಡಿಕಾ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಎತ್ತರದ ಮರಗಳ ನೆರಳಿನಡಿ ಇದು ಬೆಳೆಯುತ್ತದೆ.

ಗೋಪುರದಂತೆ ಮೇಲಕ್ಕೆ ಕಿರಿದಾಗುವ ಆಕಾರ ಹಾಗೂ ಕೆಳಕ್ಕೆ ಜೋತುಬಿದ್ದ ಕೊಂಬೆಗಳು ಇದರ ಮೊದಲ ಗುರುತು. ಎಲೆಗಳು ಎದುರುಬದುರಾಗಿ ಜೋಡಿಯಲ್ಲಿರುತ್ತವೆ. ಬಲಿತ ಎಲೆ ಕಡುಹಸಿರು, ಚಿಗುರು ಕೆಂಪು. ತೊಗಟೆಯನ್ನು ಗೀರಿದರೆ ಹಳದಿ ಹಾಲು ಒಸರುತ್ತದೆ. ಆದರೆ ಇದೇ ಕುಲದ ಉಪ್ಪಾಗೆ ಮರದಲ್ಲಿಯೂ ಹಳದಿ ಹಾಲು ಇರುವುದರಿಂದ, ಅದೊಂದನ್ನೇ ನಂಬಿ ನಿರ್ಧರಿಸುವಂತಿಲ್ಲ.

ಸಂದೇಹ ನಿವಾರಿಸುವುದು ಹಣ್ಣು. ಮುರುಗಲು ಹಣ್ಣು ದುಂಡಗೆ, ನುಣುಪಾಗಿದ್ದು, ಏಪ್ರಿಲ್-ಮೇ ತಿಂಗಳಲ್ಲಿ ಕಡುಗೆಂಪು ಬಣ್ಣಕ್ಕೆ ತಿರುಗುತ್ತದೆ. ಉಪ್ಪಾಗೆ ಹಣ್ಣಿನ ಮೈಮೇಲೆ ಪುಟ್ಟ ಕುಂಬಳಕಾಯಿಯಂತೆ ಗೀರುಗಳಿದ್ದು, ಮಳೆಗಾಲದಲ್ಲಿ ಹಳದಿಯಾಗಿ ಮಾಗುತ್ತದೆ. ಮುರುಗಲು ಸಿಪ್ಪೆ ಬಿಸಿಲಿನಲ್ಲಿಯೇ ಒಣಗಿದರೆ, ಉಪ್ಪಾಗೆಯನ್ನು ಒಣಗಿಸಲು ಬೆಂಕಿಯ ಶಾಖ ಬೇಕಾಗುವುದೂ ಇದೇ ಕಾರಣಕ್ಕೆ.

ಹಣ್ಣೇ ಇಲ್ಲದ ಮರವನ್ನು ಕಂಡು ಅದು ಬೇರೆ ಜಾತಿಯೆಂದು ಭಾವಿಸುವುದು ಸಾಮಾನ್ಯ ತಪ್ಪು. ಮುರುಗಲಿನಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ ಮರಗಳಲ್ಲಿ ಬಿಡುತ್ತವೆ. ಗಂಡು ಮರ ಎಂದಿಗೂ ಕಾಯಿ ಬಿಡದು. ಆದರೆ ಪರಾಗಸ್ಪರ್ಶಕ್ಕೆ ಅದು ಅಗತ್ಯ. ಬಂಜೆ ಮರವೆಂದು ಅದನ್ನು ಕಡಿದರೆ ಸುತ್ತಲಿನ ಹೆಣ್ಣು ಮರಗಳ ಫಸಲಿಗೂ ಸಂಚಕಾರ ಬರಬಹುದು. ಹೂ ಬಿಡುವವರೆಗೆ ಗಂಡು-ಹೆಣ್ಣು ಭೇದ ಹೊರನೋಟಕ್ಕೆ ತಿಳಿಯದ ಕಾರಣ, ತೋಟ ಮಾಡುವವರು ಹೆಣ್ಣು ಮರದ ಕಸಿ ಗಿಡಗಳನ್ನೇ ನೆಡುವುದು ರೂಢಿ.

ಬೇಡಿಕೆ ಏರಿದಾಗ ಕಾಡಿನ ಹಣ್ಣಿಗೆ ಒದಗುವ ಗತಿಗೆ ಉಪ್ಪಾಗೆಯೇ ನಿದರ್ಶನ. ತೂಕ ಇಳಿಸುವ ಮಾತ್ರೆಗಳ ತಯಾರಿಕೆಗಾಗಿ 1990ರ ದಶಕದಲ್ಲಿ ಅದಕ್ಕೆ ಬೆಲೆ ಬಂದಾಗ, ಇತರರಿಗಿಂತ ಮೊದಲು ಕೊಯ್ಯುವ ಪೈಪೋಟಿಯಲ್ಲಿ ಬಲಿಯದ ಕಾಯಿಗಳನ್ನೂ ಕಿತ್ತರು, ಕೊಂಬೆಗಳನ್ನೂ ಕಡಿದರು. ಬಲಿಯದ ಕಾಯಿಯ ಬೀಜ ಮೊಳೆಯದು. ಕಡಿದ ಕೊಂಬೆ ಮರುವರ್ಷ ಫಲ ನೀಡದು.

ಮುರುಗಲಿಗೂ ಇದೇ ಮಾತು ಅನ್ವಯಿಸುತ್ತದೆ. ಕೆಂಪಾದ ಹಣ್ಣನ್ನಷ್ಟೇ ಕೊಯ್ದು, ಕೊಂಬೆಗೆ ಕತ್ತಿ ತಾಗಿಸದೆ, ಒಂದಿಷ್ಟು ಹಣ್ಣನ್ನು ಮರದಲ್ಲಿಯೇ ಉಳಿಸಿದರೆ ಕೆಳಗೆ ಹೊಸ ಸಸಿಗಳು ಏಳುತ್ತವೆ.